ಎರಡಡಿಯ ಹಳಿಯೂ ಡೀಸೆಲ್ ಬಂಡಿಯೂ

ಬೀರೂರಿನಲ್ಲಿ ಕವಲೊಡೆದು ತರೀಕೆರೆ, ಬೆಂಕಿಪುರಗಳ ಮಾರ್ಗವಾಗಿ ಶಿವಮೊಗ್ಗೆಯನ್ನು ಮುಟ್ಟಿದ ರೈಲುದಾರಿ 1899ರಲ್ಲಿ ತೆರೆಯಿತೆಂಬುದನ್ನೂ, ಅಲ್ಲಿಂದ ಮುಂದೆ ಕಾಡನ್ನು ಸೀಳಿಕೊಂಡು ಸಾಗರದ ಮೇಲೆ ತಾಳಗುಪ್ಪವನ್ನು ಸೇರಲು ಅದಕ್ಕೆ ಮತ್ತೆ ನಾಲ್ಕು ದಶಕ ಹಿಡಿದು 1940 ಬರಬೇಕಾಯಿತೆಂಬುದನ್ನೂ ಈ ಸೀಮೆಯ ಹಿರಿಯರು ಬಲ್ಲರು. ಆ ದಾರಿ ಮೀಟರ್ ಗೇಜಿನದು. ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರ. ಅದರ ಮಗ್ಗುಲಲ್ಲಿಯೇ, ಅದಕ್ಕಿಂತಲೂ ಕಿರಿದಾದ ಟ್ರಾಮ್ ಹಳಿಗಳು ತರೀಕೆರೆಯ ಕಡೆಯಿಂದಲೂ ಭದ್ರಾವತಿಯ ಕಡೆಯಿಂದಲೂ ಹೊರಟು ಮಲೆನಾಡಿನ ಒಡಲನ್ನು ಹೊಕ್ಕು, ಮರವನ್ನೂ ಅದಿರನ್ನೂ ಹೊತ್ತು ತಂದು, ಕೊನೆಗೆ ತಮ್ಮ ಗುರುತನ್ನೂ ಹೆಚ್ಚಾಗಿ ಉಳಿಸದೆ ಅಳಿದುಹೋದ ಕಥೆಗೆ ಕೇಳುವವರು ಕಡಿಮೆ. ಪ್ರಯಾಣಿಕರ ರೈಲಿಗೆ ನೆನಪಿಟ್ಟುಕೊಳ್ಳುವವರು ಸಾವಿರಾರು ಜನ. ಸೌದೆಯ ರೈಲನ್ನು ನೆನೆಯತಕ್ಕವರು ಯಾರು?

ಹಳಿಗಳ ನಡುವಣ ಅಂತರ ಕಿರಿದಾದಷ್ಟೂ ರೈಲಿನ ಖರ್ಚು ಇಳಿಯುತ್ತದೆಂಬುದು ಹತ್ತೊಂಬತ್ತನೆಯ ಶತಮಾನದ ಶಿಲ್ಪಿಗಳು ಬೇಗನೆ ಕಂಡುಕೊಂಡ ಸತ್ಯ. ನಮ್ಮ ದೇಶದ ಬ್ರಾಡ್ ಗೇಜಿಗೆ 1676 ಮಿಲಿಮೀಟರ್ ಅಂತರ ಬೇಕು; ಅದಕ್ಕೆ ತಕ್ಕ ಅಗಲದ ಏರಿ, ಅದಕ್ಕೆ ತಕ್ಕ ತೂಕದ ಹಳಿ, ಅದಕ್ಕೆ ತಕ್ಕ ಸೇತುವೆ, ಎಲ್ಲಕ್ಕಿಂತ ಮಿಗಿಲಾಗಿ ದೊಡ್ಡ ದೊಡ್ಡ ತಿರುವುಗಳು ಬೇಕು. ಎರಡಡಿಯ, ಎಂದರೆ 610 ಮಿಲಿಮೀಟರಿನ ಹಳಿಯಾದರೋ ಗುಡ್ಡದ ಮೈಯನ್ನು ಕಡಿಯದೆ ಅದರ ಸುತ್ತಲೇ ಬಳಸಿಕೊಂಡು ಹೋಗಬಲ್ಲುದು. ಬಂಡೆ ಅಡ್ಡ ಬಂದರೆ ಪಕ್ಕಕ್ಕೆ ಸರಿಯಬಲ್ಲುದು. ಹಳ್ಳ ಬಂದರೆ ಸಣ್ಣ ಮರದ ಸಂಕದ ಮೇಲೆ ದಾಟಬಲ್ಲುದು. ವೇಲ್ಸಿನ ಫೆಸ್ಟಿನಿಯೋಗ್ ಎಂಬಲ್ಲಿ ಕಲ್ಲುಹಲಗೆಗಳನ್ನು ಗಣಿಯಿಂದ ಬಂದರಿಗೆ ಇಳಿಸುತ್ತಿದ್ದ, ಎರಡಡಿಗೂ ಕೂದಲೆಳೆಯಷ್ಟು ಕಡಿಮೆಯ ದಾರಿಯೊಂದರ ಮೇಲೆ 1863ರಲ್ಲಿ ಉಗಿಯ ಎಂಜಿನ್ ಓಡಿತು. ಅದಕ್ಕೂ ಒಂದು ವರ್ಷ ಹಿಂದೆಯೇ, 1862ರಲ್ಲಿ, ಬರೋಡ ಸಂಸ್ಥಾನದ ದಭೋಯಿಯಲ್ಲಿ ಎರಡೂವರೆ ಅಡಿಯ ಹಳಿಯನ್ನು ಹಾಸಿ, ಎಂಜಿನ್ನಿನ ಗೊಡವೆಗೆ ಹೋಗದೆ ಎತ್ತುಗಳನ್ನೇ ಹೂಡಿ ಬಂಡಿ ಎಳೆಸಿದರು. ಭರತಖಂಡದ ಕಿರುಹಳಿಯ ಚರಿತ್ರೆ ಎತ್ತಿನಿಂದ ಆರಂಭವಾಯಿತೆಂಬುದು ನನಗಂತೂ ಬಹಳ ಒಪ್ಪುವ ಮಾತು. ಯಂತ್ರಕ್ಕಿಂತ ಮೊದಲು ಹೊರೆ, ಹೊರೆಗಿಂತ ಮೊದಲು ಅಗತ್ಯ ಎಂಬ ಕ್ರಮವನ್ನು ಅದು ತಪ್ಪದೆ ಕಾಪಾಡಿದೆ. 1881ರಲ್ಲಿ ಡಾರ್ಜಿಲಿಂಗ್ ಬೆಟ್ಟದ ತಲೆಯವರೆಗೆ ಎರಡಡಿಯ ರೈಲು ಹತ್ತಿತು. 1907ರಲ್ಲಿ ಮುಂಬಯಿಯ ಸಮೀಪದ ಮಾಥೇರಾನ್ ಬೆಟ್ಟಕ್ಕೂ ಅದೇ ಅಳತೆಯ ದಾರಿಯಾಯಿತು. ಈ ಎರಡು ಬೆಟ್ಟಗಳ ಹೆಸರು ಈ ಲೇಖನದಲ್ಲಿ ಮತ್ತೆ ಬರಲಿದೆ.

ಮೈಸೂರು ಸಂಸ್ಥಾನ ಕಿರುಹಳಿಯ ಕಡೆ ತಿರುಗಿದುದು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ, ಅಂದರೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ. ಮುಖ್ಯ ಶಿಲ್ಪಿಗಳಾಗಿ ರೈಲ್ವೆಯ ವ್ಯವಹಾರವನ್ನೂ ನೋಡಿಕೊಂಡಿದ್ದವರಾದ್ದರಿಂದ, ಹಣ ಕಡಿಮೆಯಿದ್ದು ದೂರ ಹೆಚ್ಚಿದ್ದಾಗ ಯಾವ ಅಳತೆಯ ಹಳಿ ತಕ್ಕುದೆಂಬ ಲೆಕ್ಕ ಅವರಿಗೆ ಕರತಲಾಮಲಕವಾಗಿತ್ತು. ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಎರಡೂವರೆ ಅಡಿಯ ದಾರಿ ತೆರೆಯಿತು. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ 1915ರಲ್ಲಿ ಇನ್ನೊಂದು ಬಂದಿತು. ಬಳಿಕ ಅವೆರಡೂ ಚಿಂತಾಮಣಿಯ ಮೇಲೆ ಕೂಡಿಕೊಂಡುವು. ಅವು ಬಯಲುಸೀಮೆಯ ರೇಷ್ಮೆಗೂ ಸಂತೆಗೂ ಜನಕ್ಕೂ ಆದ ದಾರಿಗಳು. ಶತಮಾನದ ಕೊನೆಯವರೆಗೂ ಬಾಳಿ ಬ್ರಾಡ್ ಗೇಜಾಗಿ ಮಾರ್ಪಟ್ಟುವು. ಅವು ಹುಟ್ಟಿದ ವರ್ಷಗಳಲ್ಲಿಯೇ ಮಲೆನಾಡಿಗೆ ಬಂದ ದಾರಿಯ ಸ್ವಭಾವವೇ ಬೇರೆ. ತರೀಕೆರೆಯಲ್ಲಿ ಮೀಟರ್ ಗೇಜನ್ನು ಬಿಟ್ಟು, ಹಿಂದೆ ಎಡೇಹಳ್ಳಿಯೆನಿಸಿಕೊಂಡಿದ್ದು ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರನ್ನು ಹೊತ್ತು ಹೊಸದಾಗಿ ನರಸಿಂಹರಾಜಪುರವಾದ ಊರಿನವರೆಗೆ, ಎರಡಡಿಯ ಅಂತರದ ಈ ದಾರಿ ಭದ್ರೆಯ ಕಣಿವೆಯ ಕಡೆಗೆ ಇಳಿದು ಹೋಗುತ್ತಿತ್ತು. ಜನ ಅದರಲ್ಲಿ ಕುಳಿತು ಹೋಗುತ್ತಿದ್ದರು, ನಿಜ. ಆದರೆ ಅದನ್ನು ಅಲ್ಲಿಗೆ ಕರೆದೊಯ್ದದ್ದು ತೇಗ, ಹೊನ್ನೆ, ಮತ್ತಿಗಳ ದಿಮ್ಮಿಗಳು.

ಇನ್ನು ಭದ್ರಾವತಿಯ ಮಾತು. ಬೆಂಕಿಪುರವೆಂಬ ಹೆಸರಿನಿಂದ, ಹದಿಮೂರನೆಯ ಶತಮಾನದ ಹೊಯ್ಸಳ ಶೈಲಿಯ ಲಕ್ಷ್ಮೀನರಸಿಂಹ ದೇವಾಲಯವೊಂದರ ಸುತ್ತ, ಭದ್ರಾನದಿಯ ತೀರದಲ್ಲಿ ಸದ್ದುಗದ್ದಲವಿಲ್ಲದೆ ಇದ್ದ ಊರಿಗೆ ಕಬ್ಬಿಣದ ಕಾರ್ಖಾನೆ ಬಂದುದಕ್ಕೆ ಮೂರು ಕಾರಣಗಳಿದ್ದುವು: ಬಾಬಾ ಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯ ಉತ್ತಮ ಅದಿರು, ಭಂಡಿಗುಡ್ಡದ ಸುಣ್ಣಕಲ್ಲು, ಭದ್ರೆಯ ನೀರು. ನಾಲ್ಕನೆಯದಾಗಿ ಬೇಕಾದುದು ಕಲ್ಲಿದ್ದಲು. ಅದು ಮೈಸೂರು ದೇಶದಲ್ಲಿ ಹುಡುಕಿದರೂ ಇಲ್ಲ. ಬಂಗಾಳ, ಬಿಹಾರಗಳಿಂದ ಅದನ್ನು ತರಿಸಿದರೆ ಕಬ್ಬಿಣಕ್ಕಿಂತ ರೈಲು ಬಾಡಿಗೆಯೇ ಭಾರವಾದೀತು. ಆಗ ಅಮೆರಿಕದ ತಜ್ಞರ ಸಲಹೆಯ ಮೇರೆಗೆ ಹಿಡಿದ ಉಪಾಯವೆಂದರೆ ಮಲೆನಾಡಿನ ಕಾಡನ್ನೇ ಇದ್ದಿಲು ಮಾಡಿ ಊದುಕುಲುಮೆಗೆ ಉಣಿಸುವುದು, ಮತ್ತು ಇದ್ದಿಲು ಸುಡುವಾಗ ಗಾಳಿಯ ಪಾಲಾಗುವ ಹೊಗೆಯನ್ನೂ ಬಿಡದೆ ಹಿಡಿದು, ತಂಪುಗೊಳಿಸಿ, ಅದರಿಂದ ಮರದ ಮದ್ಯಸಾರ, ಅಸಿಟೇಟು, ಡಾಂಬರುಗಳನ್ನು ತೆಗೆದು ಮಾರುವುದು. ಆದುದರಿಂದಲೇ ಆ ಉದ್ಯಮಕ್ಕೆ ಮೊದಲು ಇಟ್ಟ ಹೆಸರು ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಹೆಸರಿನಲ್ಲಿ ಮರ ಮೊದಲು, ಕಬ್ಬಿಣ ಆಮೇಲೆ. 1918ರಲ್ಲಿ ಕೈಹಾಕಿದ ಕೆಲಸ, ದಿನಕ್ಕೆ 60 ಟನ್ನಿನ ಕುಲುಮೆಗೆ ಬೆಂಕಿ ಮುಟ್ಟುವ ಹೊತ್ತಿಗೆ 1923ರ ಜನವರಿಯಾಗಿತ್ತು. ಆ ಐದು ವರ್ಷಗಳಲ್ಲಿ ಮಹಾಯುದ್ಧ ಮುಗಿದು ಬೀಡುಕಬ್ಬಿಣದ ಬೆಲೆ ಕುಸಿದಿತ್ತು. ಟಾಟಾದವರ ಕೈಯಲ್ಲಿದ್ದ ಆಡಳಿತವನ್ನು ಬಿಡಿಸಿಕೊಂಡು, ದಿವಾನಗಿರಿಯನ್ನು ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನೇ ಮಂಡಲಿಯ ಅಧ್ಯಕ್ಷರನ್ನಾಗಿ ಸರ್ಕಾರ ಕರೆಯಿತು. ಅವರು 1929ರವರೆಗೆ ಆ ಪೀಠದಲ್ಲಿದ್ದು ಕಾರ್ಖಾನೆಯನ್ನು ಉಳಿಸಿದರೆಂಬುದು ಎಲ್ಲರೂ ಹೇಳುವ ಮಾತು. ಅವರ ಶಿಸ್ತು, ಮಿತವ್ಯಯ, ಕಾಲನಿಷ್ಠೆಗಳನ್ನು ವರ್ಣಿಸುವವರು ಆ ಕುಲುಮೆಗೆ ಪ್ರತಿದಿನ ಬೆಳಗ್ಗೆ ಸೌದೆ ಹೇಗೆ ಬಂದು ಬೀಳುತ್ತಿತ್ತೆಂಬುದನ್ನು ಮಾತ್ರ ಸಾಮಾನ್ಯವಾಗಿ ವಿಚಾರಿಸುವುದಿಲ್ಲ.

ಒಂದು ಟನ್ ಇದ್ದಿಲಾಗಬೇಕಾದರೆ ಅದರ ಮೂರು ನಾಲ್ಕು ಪಟ್ಟು ತೂಕದ ಸೌದೆ ಬೇಕು. ಒಂದು ಟನ್ ಬೀಡುಕಬ್ಬಿಣಕ್ಕೆ ಸುಮಾರು ಅಷ್ಟೇ ತೂಕದ ಇದ್ದಿಲು ಬೇಕು. ಹೀಗೆ ಲೆಕ್ಕ ಹಿಡಿದರೆ ಕುಲುಮೆ ತುಂಬು ಹೊಟ್ಟೆಯಲ್ಲಿ ಉರಿದ ದಿನ ಸುಮಾರು ಇನ್ನೂರು ಟನ್ನಿನಷ್ಟು ಮರ ಕಾರ್ಖಾನೆಯ ಅಂಗಳದಲ್ಲಿ ಇಳಿಯಲೇಬೇಕು. ಹತ್ತಾರು ಮಣ ಹೊರುವ ಎತ್ತಿನ ಗಾಡಿಯಿಂದ, ಅದರಲ್ಲೂ ಜೂನಿನಿಂದ ಸೆಪ್ಟೆಂಬರಿನವರೆಗೆ ಚಕ್ರದ ಗುಂಬದವರೆಗೆ ಹೂತುಹೋಗುವ ಮಲೆನಾಡಿನ ಗಾಡಿದಾರಿಯಲ್ಲಿ, ಇದು ಆಗುವ ಕೆಲಸವಲ್ಲ. ಮೀಟರ್ ಗೇಜನ್ನು ಕಾಡಿನೊಳಕ್ಕೆ ಎಳೆಯೋಣವೆಂದರೆ, ಕಾಡು ಕಡಿಯುವ ಕೂಪು ಒಂದೇ ಕಡೆ ನಿಲ್ಲತಕ್ಕದ್ದಲ್ಲ. ಈ ವರ್ಷ ಒಂದು ಕೂಪು, ಬರುವ ವರ್ಷ ಅದರಾಚೆಯದು. ಹಳಿಯೇ ಮರದ ಹಿಂದೆ ಹೋಗಬೇಕು. ಕಾಡಿನ ಟ್ರಾಮ್ ದಾರಿಯ ಸಮಸ್ತ ತರ್ಕವೂ ಈ ಒಂದು ಮಾತಿನಲ್ಲಿದೆ.

ಕಿರುಹಳಿಯ ಒಂದು ತುಂಡನ್ನು ಸಮೀಪದಿಂದ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಫ್ರಾನ್ಸಿನ ಡಿಕೋವಿಲ್ ಎಂಬಾತ ಕಬ್ಬಿನ ಗದ್ದೆ, ಬೀಟ್‌ಗೆಡ್ಡೆಯ ಹೊಲಗಳಿಗೆಂದು 1870ರ ದಶಕದಲ್ಲಿ ರೂಢಿಗೆ ತಂದ ಪದ್ಧತಿಯಲ್ಲಿ, ಎರಡು ಸಣ್ಣ ಹಳಿಗಳನ್ನು ಉಕ್ಕಿನ ಅಡ್ಡಪಟ್ಟಿಗಳಿಗೆ ಮೊದಲೇ ಬಿಗಿದು ಏಣಿಯ ಹಾಗೆ ಸಿದ್ಧಪಡಿಸಿರುತ್ತಾರೆ. ನಾಲ್ಕಾರು ಆಳುಗಳು ಹೆಗಲು ಕೊಟ್ಟರೆ ಅದು ಎದ್ದು ಬರುತ್ತದೆ. ನೆಲವನ್ನು ಗುದ್ದಲಿಯಿಂದ ಒಂದಿಷ್ಟು ಸಮ ಮಾಡಿ ಒಂದರ ತುದಿಗೆ ಇನ್ನೊಂದನ್ನು ಕೂಡಿಸುತ್ತಾ ಹೋದರೆ ದಾರಿಯಾಯಿತು. ಕೂಪು ಮುಗಿದ ಮೇಲೆ ಹಿಂದಿನದನ್ನು ಕಳಚಿ ಮುಂದಕ್ಕೆ ಒಯ್ದರೆ ಹಳೆಯ ಜಾಗದಲ್ಲಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹುಲ್ಲು ಮುಚ್ಚಿಕೊಳ್ಳುತ್ತದೆ. ಇಂಥ ಬಿಡಿ ದಾರಿಗಳು ಜಗತ್ತಿನ ಎಲ್ಲ ಕಾಡು, ಗಣಿ, ತೋಟಗಳಲ್ಲಿಯೂ ಇದ್ದುವು. ಅವು ತಂದು ಕೂಡುವ ಕಾಯಂ ದಾರಿಗೆ ಮಾತ್ರ ಏರಿ, ಮೋರಿ, ಜಲ್ಲಿಗಳ ಮರ್ಯಾದೆ. ಮಲೆನಾಡಿನ ಕಾಡಿನಲ್ಲಿ ಈಗ ಯಾರಾದರೂ ಕಿರುರೈಲಿನ ದಾರಿಯನ್ನು ಹುಡುಕಿಕೊಂಡು ಹೊರಟರೆ ಏಕೆ ಬರಿಗೈಯಲ್ಲಿ ಹಿಂತಿರುಗುವ ಸಂಭವವೇ ಹೆಚ್ಚೆಂಬುದಕ್ಕೆ ಇಷ್ಟು ವಿವರಣೆ ಸಾಕು: ಇರುವಾಗಲೇ ಅದು ಎದ್ದು ಹೋಗಲು ಅಣಿಯಾಗಿ ಬಂದಿದ್ದ ದಾರಿ.

ಅದಿರಿನ ಪಯಣ ಇನ್ನೂ ವಿಚಿತ್ರವಾದುದು. ಸಮುದ್ರಮಟ್ಟದಿಂದ ನಾಲ್ಕು ಸಾವಿರದ ಏಳುನೂರು ಅಡಿಗಳ ಸುಮಾರಿನ ಎತ್ತರದಲ್ಲಿರುವ, ಈಚೆಗೆ ತೋಟಗಾರಿಕೆ ಇಲಾಖೆಯ ಹೂದೋಟಕ್ಕೂ ಪ್ರವಾಸಿಗಳ ವಸತಿಗೃಹಕ್ಕೂ ಹೆಸರಾದ ಕೆಮ್ಮಣ್ಣುಗುಂಡಿ, ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಬೇಸಗೆಯ ತಂಗುದಾಣವಾಗಿದ್ದಂತೆಯೇ ಭದ್ರಾವತಿಯವರಿಗೆ ಗಣಿಯಾಗಿಯೂ ಇದ್ದಿತು. ಅಷ್ಟು ಕಡಿದಾದ ಇಳಿಜಾರಿನಲ್ಲಿ ಟ್ರಾಮಿನ ಹಳಿ ನಡೆಯದು. ಆದುದರಿಂದ ಕಂಬದಿಂದ ಕಂಬಕ್ಕೆ ಬಿಗಿದ ಉಕ್ಕಿನ ಹಗ್ಗದ ಮೇಲೆ ತೂಗುಬುಟ್ಟಿಗಳನ್ನು ಹರಿಯಬಿಟ್ಟು ಅದಿರನ್ನು ಬೆಟ್ಟದ ಬುಡದ ತಣಿಗೆಬೈಲಿಗೆ ಇಳಿಸುತ್ತಿದ್ದರು. ತುಂಬಿದ ಬುಟ್ಟಿ ತನ್ನ ಭಾರದಿಂದಲೇ ಕೆಳಗಿಳಿಯುತ್ತ ಬರಿದಾದ ಬುಟ್ಟಿಯನ್ನು ಮೇಲಕ್ಕೆಳೆಯುವುದು ಇಂಥ ಹಗ್ಗದಾರಿಗಳ ಸೌಲಭ್ಯ. ತಣಿಗೆಬೈಲಿನಲ್ಲಿ ಬುಟ್ಟಿ ಬಗ್ಗಿ ಬಂಡಿ ತುಂಬುತ್ತಿತ್ತು. ಅಲ್ಲಿಂದ ಮುಂದೆ ಭದ್ರಾವತಿಯ ಕುಲುಮೆಯ ಬಾಯಿಯವರೆಗೆ ಟ್ರಾಮಿನ ಕೆಲಸ. ಇಂದು ತಣಿಗೆಬೈಲು ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯ. ಅರಣ್ಯ ಇಲಾಖೆಯ ಜೀಪಿನಲ್ಲಿ ಕುಳಿತು ಕಾಟಿಯನ್ನೋ ಹುಲಿಯನ್ನೋ ಹುಡುಕುವ ನಗರವಾಸಿಗೆ, ಒಂದು ಕಾಲದಲ್ಲಿ ಇದೇ ಸೀಮೆಯ ಕಾಡು ಕೂಪುಗಳಾಗಿ ವಿಂಗಡವಾಗಿ ಬಂಡಿಯೇರಿ ಹೋಗುತ್ತಿತ್ತೆಂದರೆ ನಂಬಿಕೆ ಬರುವುದು ಕಷ್ಟ.

ಸೌದೆ ಕಾರ್ಖಾನೆಗೆ ಬಂದ ಮೇಲೂ ಹಳಿಯ ಸಹವಾಸ ಬಿಡುತ್ತಿರಲಿಲ್ಲ. ಆ ಕಾಲದ ಅಮೆರಿಕದ ಮಾದರಿಯ ಬಟ್ಟಿ ಇಳಿಸುವ ಸ್ಥಾವರಗಳಲ್ಲಿ, ಅಳತೆಗೆ ಕಡಿದು ಒಣಗಿಸಿದ ಕಟ್ಟಿಗೆಯನ್ನು ಪಂಜರದಂತಹ ಉಕ್ಕಿನ ಬಂಡಿಗಳಲ್ಲಿ ಒಟ್ಟಿ, ಆ ಬಂಡಿಗಳನ್ನು ಹಾಗೆಯೇ ಉದ್ದನೆಯ ಒಲೆಯೊಳಕ್ಕೆ ದೂಡಿ ಬಾಗಿಲು ಬಿಗಿಯುತ್ತಿದ್ದರು. ಗಾಳಿ ಸೋಕದೆ ಮರ ಬೇಯುತ್ತ, ಅದರ ಸತ್ತ್ವವೆಲ್ಲ ಆವಿಯಾಗಿ ಕೊಳವೆಯನ್ನು ಹಿಡಿದು ತಂಪುಮಾಡುವ ಪಾತ್ರೆಗಳಿಗೆ ಹೋಗಿ, ಉಳಿದುದು ಕರಿಯ ಇದ್ದಿಲಾಗಿ ಅದೇ ಬಂಡಿಯಲ್ಲಿ ಇನ್ನೊಂದು ಬಾಗಿಲಿಂದ ಹೊರಬರುತ್ತಿತ್ತು. ಹೊರಗಿನ ಗಾಳಿ ತಗುಲಿದೊಡನೆ ಭಗ್ಗನೆ ಹತ್ತಿಕೊಳ್ಳುವ ಸ್ವಭಾವ ಹೊಸ ಇದ್ದಿಲಿನದು. ಆದುದರಿಂದ ಅದನ್ನು ಕೂಡಲೇ ಮುಚ್ಚಿದ ಮತ್ತೊಂದು ಕೋಣೆಗೆ ಸೇರಿಸಿ ಆರುವವರೆಗೆ ಕಾಯಬೇಕಾಗಿತ್ತು. ಹೀಗೆ ಕಾಡಿನಲ್ಲಿ ಬಂಡಿಯೇರಿದ ಮರ, ಇದ್ದಿಲಾಗಿ ಕುಲುಮೆಗೆ ಬೀಳುವವರೆಗೂ ಹಳಿಯ ಮೇಲೆಯೇ ಸಾಗುತ್ತಿತ್ತೆನ್ನಬಹುದು.

ಈ ವ್ಯವಸ್ಥೆಯ ಆಯುಸ್ಸನ್ನು ಮೊಟಕುಗೊಳಿಸಿದುದು ಲಾರಿಯೆಂದು ಸಾಮಾನ್ಯವಾಗಿ ಹೇಳುತ್ತಾರೆ. ಲಾರಿಯ ಪಾತ್ರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮೂಲ ಕಾರಣ ಇನ್ನೂ ಆಳದಲ್ಲಿದೆ, ಮತ್ತು ಅದನ್ನು ಹುಡುಕಬೇಕಾದ ಸ್ಥಳ ಜೋಗ. ಶರಾವತಿಯ ನೀರಿನಿಂದ ವಿದ್ಯುತ್ತನ್ನು ತೆಗೆಯುವ ಕೆಲಸ 1939ರಲ್ಲಿ ಆರಂಭವಾಯಿತು. ಅದರ ಮರುವರ್ಷವೇ ರೈಲು ತಾಳಗುಪ್ಪವನ್ನು ತಲುಪಿತು. ಸಮುದ್ರವನ್ನು ದಾಟಿ ಬಂದ ಭಾರಿ ಯಂತ್ರಸಾಮಗ್ರಿಗಳಿಗೆ ಜೋಗದ ಸಮೀಪದವರೆಗೆ ಹಳಿಯ ದಾರಿ ಸಿಕ್ಕಿತು. ತಾಳಗುಪ್ಪದಿಂದಾಚೆಗೆ ರಸ್ತೆ, ಜಲಪಾತದ ಮಗ್ಗುಲಿನ ಕಡಿದಾದ ಕಣಿವೆಯಲ್ಲಿ ವಿದ್ಯುದಾಗಾರಕ್ಕೆ ಇಳಿಯಲು ಮತ್ತೆ ಹಳಿಯ ಮೇಲಿನ ಟ್ರಾಲಿ. 1948ರಲ್ಲಿ ವಿದ್ಯುದಾಗಾರ ಉದ್ಘಾಟನೆಯಾಗಿ, ಮೊದಲು ಕೃಷ್ಣರಾಜೇಂದ್ರರ ಹೆಸರಿನಲ್ಲಿದ್ದುದು ಬಳಿಕ ಮಹಾತ್ಮಾ ಗಾಂಧಿಯವರ ಹೆಸರನ್ನು ಧರಿಸಿ, ಬರಬರುತ್ತ 120 ಮೆಗಾವಾಟ್ ಶಕ್ತಿಯ ಕೇಂದ್ರವಾಯಿತು. ಆ ವಿದ್ಯುತ್ತಿಗೆ ಹೊಟ್ಟೆತುಂಬ ಉಣ್ಣುವ ಗಿರಾಕಿ ಬೇಕು. ಭದ್ರಾವತಿಗೆ ಕಾಡನ್ನು ಅಷ್ಟಾಗಿ ನೆಚ್ಚದ ಶಾಖ ಬೇಕು. 1950ರ ದಶಕದ ಆರಂಭದಲ್ಲಿ ನಾರ್ವೆ ಮೂಲದ ಟಿಸ್ಲ್ಯಾಂಡ್–ಹೋಲ್ ಮಾದರಿಯ ವಿದ್ಯುತ್ ಕುಲುಮೆಗಳು ಭದ್ರಾವತಿಯಲ್ಲಿ ನಿಂತುವು. ಹಳೆಯ ಊದುಕುಲುಮೆಯಲ್ಲಿ ಇದ್ದಿಲಿಗೆ ಎರಡು ಕೆಲಸ: ಉರಿದು ಶಾಖ ಕೊಡುವುದೊಂದು, ಅದಿರಿನ ಆಮ್ಲಜನಕವನ್ನು ಸೆಳೆದು ಕಬ್ಬಿಣವನ್ನು ಬಿಡಿಸುವುದೊಂದು. ಹೊಸ ಕುಲುಮೆಯಲ್ಲಿ ಮೊದಲನೆಯ ಕೆಲಸವನ್ನು ವಿದ್ಯುತ್ತು ವಹಿಸಿಕೊಂಡು, ಎರಡನೆಯದಕ್ಕೆ ಮಾತ್ರ ಇಂಗಾಲ ಬೇಕಾಯಿತು. ಸೌದೆಯ ಹೊರೆ ಅಲ್ಲಿಗೆ ಮುರಿಯಿತು. ಮೀಟರ್ ಗೇಜಿನ ಹಳಿ ಹೊತ್ತು ತಂದ ಯಂತ್ರಗಳಿಂದ ಹುಟ್ಟಿದ ಶಕ್ತಿ ತಂತಿಯ ಮೇಲೆ ಹರಿದು ಬಂದು ಕಿರುಹಳಿಯ ಕೂಳನ್ನು ಕಿತ್ತುಕೊಂಡಿತೆಂದರೆ ಅದರಲ್ಲಿ ಅತಿಶಯೋಕ್ತಿ ಬಹಳವಿಲ್ಲ. ಇದೇ ಹೊತ್ತಿಗೆ, 1947ರಲ್ಲಿ ಮೊದಲಾದ ಭದ್ರಾ ಅಣೆಕಟ್ಟಿನ ಕೆಲಸ ಲಕ್ಕವಳ್ಳಿಯಲ್ಲಿ ನಡೆಯುತ್ತಿತ್ತು. ಅದು ಮುಗಿದು ಜಲಾಶಯ ತುಂಬಿದಾಗ ಹಿನ್ನೀರು ನರಸಿಂಹರಾಜಪುರದ ಹೊಲಗದ್ದೆಗಳವರೆಗೆ ಹರಡಿ, ಕಣಿವೆಯ ಹಳೆಯ ಹಾದಿಗಳ ನಕ್ಷೆಯೇ ಬದಲಾಯಿತು.

ಕಿರುಹಳಿಗೆ ಡೀಸೆಲ್ ಎಂಜಿನ್ ನಮ್ಮ ದೇಶದಲ್ಲಿ ಬಂದುದು ಸರಿಯಾಗಿ ಇದೇ ವೇಳೆಗೆ. 1950ರ ದಶಕದ ನಡುವಿನಲ್ಲಿ ಜರ್ಮನಿಯ ಆರ್ನಲ್ಡ್ ಯುಂಗ್ ಕಾರ್ಖಾನೆಯ ಚಿಕ್ಕ ಡೀಸೆಲ್ ಎಂಜಿನುಗಳು ಮಾಥೇರಾನಿಗೂ ಕಾಲ್ಕಾ–ಶಿಮ್ಲಾ ದಾರಿಗೂ ಬಂದಿಳಿದುವು. ರೈಲ್ವೆಯವರ ಸಂಕೇತದಲ್ಲಿ ಎರಡಡಿಯ ಹಳಿಗೆ ಎನ್, ಎರಡೂವರೆ ಅಡಿಗೆ ಝಡ್, ಮೀಟರ್ ಗೇಜಿಗೆ ವೈ. ಅದರ ಮುಂದೆ ಡೀಸೆಲಿಗೆ ಡಿ, ಜನ–ಸರಕು ಎರಡನ್ನೂ ಎಳೆಯುವುದಕ್ಕೆ ಎಂ. ಹೀಗಾಗಿ ಮಾಥೇರಾನಿನದು ಎನ್‌ಡಿಎಂ–1, ಶಿಮ್ಲಾದ್ದು ಝಡ್‌ಡಿಎಂ–1. 1964ರಲ್ಲಿ ಕೀಲ್ ನಗರದ ಮಾಕ್ ಕಂಪನಿಯಿಂದ 700 ಅಶ್ವಶಕ್ತಿಯ ಝಡ್‌ಡಿಎಂ–2 ಬಂದಿತು. 1970ರಿಂದ ಚಿತ್ತರಂಜನಿನಲ್ಲಿಯೇ ಝಡ್‌ಡಿಎಂ–3 ತಯಾರಾಗತೊಡಗಿತು.

ಬೆಟ್ಟದ ಕಿರುಹಳಿಗೆ ಡೀಸೆಲ್ ಏಕೆ ಒಗ್ಗಿತೆಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಉಗಿಯ ಎಂಜಿನ್ ಹೊರಡುವುದಕ್ಕೆ ಗಂಟೆಗಟ್ಟಲೆ ಮೊದಲೇ ಬೆಂಕಿ ಹಾಕಿ ನೀರು ಕಾಯಿಸಬೇಕು. ಏರಿನಲ್ಲಿ ಅಲ್ಲಲ್ಲಿ ನಿಂತು ನೀರು ಕುಡಿಸಬೇಕು. ಪಿಸ್ಟನ್ನಿನ ಪ್ರತಿ ಹೊಡೆತಕ್ಕೂ ಚಕ್ರದ ಮೇಲಿನ ಒತ್ತಡ ಏರಿಳಿಯುವುದರಿಂದ ಮಳೆಯಲ್ಲಿ ನೆನೆದ ಹಳಿಯ ಮೇಲೆ ಚಕ್ರ ಜಾರುತ್ತದೆ, ಜಾರಿದಾಗ ಯಾರಾದರೂ ಮುಂದೆ ಕುಳಿತು ಮರಳು ಉದುರಿಸಬೇಕು. ಚಿಕ್ಕ ಹಳಿಯ ಡೀಸೆಲ್ ಎಂಜಿನುಗಳ ಬಹುಪಾಲಿನಲ್ಲಿ ಯಂತ್ರದ ತಿರುಗು ಬಲವನ್ನು ನೇರವಾಗಿ ಚಕ್ರಕ್ಕೆ ಕಟ್ಟದೆ ನಡುವೆ ಎಣ್ಣೆಯನ್ನು ಇರಿಸುತ್ತಾರೆ: ಯಂತ್ರ ಒಂದು ಬದಿಯ ಎಲೆಗಳನ್ನು ತಿರುಗಿಸಿದರೆ ಎಣ್ಣೆ ಸುಳಿದು ಇನ್ನೊಂದು ಬದಿಯ ಎಲೆಗಳನ್ನು ತಿರುಗಿಸುತ್ತದೆ. ಬಂಡಿ ನಿಂತಿರುವಾಗಲೂ ಯಂತ್ರ ಓಡುತ್ತಿರಬಹುದು; ಹೊರಡುವಾಗ ಬಲ ಹೆಚ್ಚು, ವೇಗ ಕಡಿಮೆ; ಮುಂದೆ ಸಾಗಿದಂತೆ ಬಲ ಇಳಿದು ವೇಗ ಏರುತ್ತದೆ; ಎಲ್ಲಿಯೂ ಜಗ್ಗಾಟವಿಲ್ಲ. ಕಡಿದಾದ ಏರಿನಲ್ಲಿ ಹಗುರ ಹಳಿಯ ಮೇಲೆ ಹೊರಡತಕ್ಕ ಬಂಡಿಗೆ ಇದಕ್ಕಿಂತ ಹಿತವಾದ ಏರ್ಪಾಟಿಲ್ಲ. ಒಬ್ಬ ಚಾಲಕ, ಒಬ್ಬ ಸಹಾಯಕ. ಇದ್ದಿಲಿಲ್ಲ, ಬೂದಿಯಿಲ್ಲ, ಕಾಡಿಗೆ ಕಿಡಿ ಹಾರುವ ಭಯವಿಲ್ಲ. ಭದ್ರೆಯ ಕಣಿವೆಗೆ ಹೇಳಿ ಮಾಡಿಸಿದ ಗುಣಗಳೇ ಇವೆಲ್ಲ. ಎಂಜಿನ್ ಸಿದ್ಧವಾದಾಗ ಹೊರೆ ಮಾತ್ರ ಮುಗಿಯುತ್ತ ಬಂದಿತ್ತು.

ಇಲ್ಲಿಯೇ ನನ್ನ ವಾದದ ತಿರುಳಿದೆ. ಒಂದು ರೈಲುದಾರಿ ಅಳಿದರೆ ಅದರ ಎಂಜಿನ್ ಹಳೆಯದಾದುದೇ ಕಾರಣವೆಂದು ಭಾವಿಸುವ ರೂಢಿ ನಮ್ಮಲ್ಲಿದೆ. ಆದರೆ ದಾರಿಯ ಅಳಿವು ಉಳಿವುಗಳನ್ನು ನಿರ್ಧರಿಸುವುದು ಎಂಜಿನ್ನಲ್ಲ, ಹೊರೆ. ಮಾಥೇರಾನಿನಲ್ಲಿ ಹೊರೆಯೆಂದರೆ ತಂಪು ಗಾಳಿಗಾಗಿ ಬೆಟ್ಟ ಹತ್ತುವ ಮುಂಬಯಿಯ ಕುಟುಂಬಗಳು. ಡಾರ್ಜಿಲಿಂಗಿನಲ್ಲಿ ಹೊರೆಯೆಂದರೆ, ಚಹಾದ ಕಾಲ ಹೋದ ಮೇಲೆ, ರೈಲನ್ನು ನೋಡುವುದಕ್ಕಾಗಿಯೇ ರೈಲು ಹತ್ತುವ ದೇಶವಿದೇಶಗಳ ಜನ. ಆ ಹೊರೆ ತೀರತಕ್ಕದ್ದಲ್ಲ; ಆದುದರಿಂದ ಉಗಿಯ ಎಂಜಿನ್ ಬಳಲಿದಾಗ ಅಲ್ಲಿ ಡೀಸೆಲಿಗೆ ಕೆಲಸವಿದ್ದಿತು. ಭದ್ರಾವತಿಯ ಹಳಿಗೆ ಪ್ರೇಮಿಗಳಿರಲಿಲ್ಲ, ಗಿರಾಕಿ ಒಬ್ಬನೇ ಇದ್ದ; ಆ ಗಿರಾಕಿ ಬೇರೆ ಒಲೆ ಹೂಡಿದ ಮೇಲೆ ಎಂತಹ ಎಂಜಿನ್ ತಂದರೂ ಅದರಿಂದ ಪ್ರಯೋಜನವೇನು?

ಇದರಲ್ಲಿ ಒಂದು ವಿನೋದವುಂಟು. ಕಳೆದ ಶತಮಾನ ಮುಗಿದು ಈ ಶತಮಾನ ತೆರೆಯುವ ಸಂಧಿಯಲ್ಲಿ ಮಾಥೇರಾನಿಗೂ ಡಾರ್ಜಿಲಿಂಗಿಗೂ ಎನ್‌ಡಿಎಂ–6 ಎಂಬ ಹೊಸ ಡೀಸೆಲ್ ಎಂಜಿನುಗಳು ಬಂದುವು. 1999ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಡಾರ್ಜಿಲಿಂಗ್ ದಾರಿಯ ಮೇಲೆ, ಶತಮಾನಕ್ಕೂ ಮಿಕ್ಕಿ ಉಗಿಯೊಂದೇ ಆಳಿದ್ದಲ್ಲಿ, ಡೀಸೆಲಿನ ಸದ್ದು ಕೇಳಿ ಅನೇಕ ರಸಿಕರು ಮುನಿಸಿಕೊಂಡರು. ಆ ಎಂಜಿನುಗಳು ಹುಟ್ಟಿದುದು ಜರ್ಮನಿಯಲ್ಲಲ್ಲ, ಚಿತ್ತರಂಜನಿನಲ್ಲೂ ಅಲ್ಲ. ಬೆಂಗಳೂರಿನ ವೈಟ್‌ಫೀಲ್ಡ್ ಕಡೆಯ ಸ್ಯಾನ್ ಇಂಜಿನಿಯರಿಂಗ್ ಅಂಡ್ ಲೋಕೊಮೋಟಿವ್ ಕಂಪನಿಯಲ್ಲಿ. ಉಕ್ಕಿನ ಕಾರ್ಖಾನೆಗಳಿಗೂ ಬಂದರುಗಳಿಗೂ ಅಂಗಳದೊಳಗೆ ಬಂಡಿ ದೂಡುವ ಎಂಜಿನುಗಳನ್ನು ಮಾಡಿ ಪಳಗಿದ ಕೈಗಳವು. ಎರಡಡಿಯ ಹಳಿಯ ಎಂಜಿನ್ನನ್ನು ದೇಶಕ್ಕೆ ಮಾಡಿಕೊಟ್ಟ ರಾಜ್ಯದಲ್ಲಿ, ಅದನ್ನು ಓಡಿಸಲು ತರೀಕೆರೆಯ ಎರಡಡಿಯ ದಾರಿ ಉಳಿದಿರಲಿಲ್ಲ. ಬಂಗಾಳದ ಬೆಟ್ಟಕ್ಕೋ ಸಹ್ಯಾದ್ರಿಯ ಉತ್ತರ ಭಾಗಕ್ಕೋ ಅದು ತನ್ನ ಚಕ್ರದ ಮೇಲೆ ಹೋಗಲಾರದೆ ಬೇರೆ ವಾಹನದ ಬೆನ್ನೇರಿ ಹೋಗಬೇಕಾಯಿತು. ಕಿರುಹಳಿಯ ಎಂಜಿನ್ನಿಗೆ ಹುಟ್ಟಿದ ಊರಿನಿಂದ ದುಡಿಯುವ ಊರಿಗೆ ಹಳಿಯಿಲ್ಲದಿರುವುದು ಅದರ ಹಣೆಯಬರಹ.

ಶಿವಮೊಗ್ಗೆಗೂ ಒಂದು ಚಿಕ್ಕ ಡೀಸೆಲ್ ಬಂಡಿ ಬಂದಿತು. ಆದರೆ ಎರಡಡಿಯ ಮೇಲಲ್ಲ. 1990ರ ದಶಕದಲ್ಲಿ ಬೀರೂರು–ಶಿವಮೊಗ್ಗ ದಾರಿ ಬ್ರಾಡ್ ಗೇಜಾದಾಗ, ಅಲ್ಲಿಂದ ಮುಂದಿನ ತಾಳಗುಪ್ಪದ ಮೀಟರ್ ಗೇಜ್ ಹೆತ್ತವರನ್ನು ಕಳೆದುಕೊಂಡ ಕೂಸಿನಂತೆ ಒಂಟಿಯಾಗಿ ಉಳಿಯಿತು. ಪೂರ್ಣ ರೈಲೊಂದಕ್ಕೆ ಬೇಕಾದಷ್ಟು ಜನರಿಲ್ಲದ ಆ ದಾರಿಗೆ ರೈಲ್ವೆ ಇಲಾಖೆ ರೈಲ್‌ಬಸ್ಸನ್ನು ಬಿಟ್ಟಿತು. ಬೆಂಗಳೂರಿನ ಬಿಇಎಂಎಲ್ ಕಾರ್ಖಾನೆಯಲ್ಲಿ ರೂಪುಗೊಂಡ ಈ ವಾಹನ ಹೆಸರಿಗೆ ರೈಲು, ಒಡಲು ಬಸ್ಸಿನದು: ಪ್ರತ್ಯೇಕ ಎಂಜಿನ್ ಇಲ್ಲ, ಹಿಂದೆ ಡಬ್ಬಿಗಳ ಸಾಲಿಲ್ಲ, ಒಂದೇ ಪೆಟ್ಟಿಗೆಯಲ್ಲಿ ಡೀಸೆಲ್ ಯಂತ್ರ, ಚಾಲಕ, ಹಾಲಿನ ಕ್ಯಾನು, ಅಡಕೆಯ ಚೀಲ, ಶಾಲೆಯ ಮಕ್ಕಳು. ಕುಂಸಿ, ಅರಸಾಳು, ಆನಂದಪುರ, ಸಾಗರಗಳ ಜನಕ್ಕೆ ಅದು ಬಸ್ಸಿಗಿಂತ ಅಗ್ಗವೂ ರೈಲಿಗಿಂತ ಆತ್ಮೀಯವೂ ಆದ ಸೇವೆಯಾಗಿ 2007ರವರೆಗೆ ನಡೆದು, ಹಳಿ ಬದಲಿಸುವ ಕೆಲಸಕ್ಕಾಗಿ ನಿಂತಿತು. ಅರಸಾಳು ನಿಲ್ದಾಣದಲ್ಲಿ ಶಂಕರ್ ನಾಗರು ‘ಮಾಲ್ಗುಡಿ ಡೇಸ್’ ಧಾರಾವಾಹಿಯ ದೃಶ್ಯಗಳನ್ನು ಚಿತ್ರೀಕರಿಸಿದುದರಿಂದ ಈಗ ಅಲ್ಲಿಯ ಹಳೆಯ ಕಟ್ಟಡದಲ್ಲಿ ಮಾಲ್ಗುಡಿಯ ಹೆಸರಿನ ಸಂಗ್ರಹಾಲಯವಿದೆ. ಕಲ್ಪನೆಯಲ್ಲಿ ಮಾತ್ರ ಇದ್ದ ಊರೊಂದರ ನಿಲ್ದಾಣಕ್ಕೆ ದೊರೆತ ಈ ಮನ್ನಣೆಯಲ್ಲಿ ಒಂದು ಪಾಲು ತಣಿಗೆಬೈಲಿನ ಅದಿರು ಬಂಡಿಗೂ ತರೀಕೆರೆಯ ಟ್ರಾಮಿಗೂ ಸಿಕ್ಕಿದ್ದರೆ ಅನ್ಯಾಯವಾಗುತ್ತಿರಲಿಲ್ಲ.

ತಾಳಗುಪ್ಪದವರೆಗಿನ ದಾರಿ ಬ್ರಾಡ್ ಗೇಜಾಗಿ 2011ರಲ್ಲಿ ಮತ್ತೆ ತೆರೆಯಿತು. ಈಚಿನ ವರ್ಷಗಳಲ್ಲಿ ಶಿವಮೊಗ್ಗೆಯ ಹಳಿಯ ಮೇಲೂ ವಿದ್ಯುತ್ ತಂತಿ ಬಂದು, ಉಗಿಯನ್ನು ಓಡಿಸಿದ ಡೀಸೆಲೂ ತನ್ನ ಪಾಳಿಗೆ ಜಾಗ ಬಿಡತೊಡಗಿದೆ. ಭದ್ರಾವತಿಯ ಕಾರ್ಖಾನೆ 1962ರಲ್ಲಿ ಕಂಪನಿಯಾಗಿ, ಬಳಿಕ ವಿಶ್ವೇಶ್ವರಯ್ಯನವರ ಹೆಸರನ್ನು ಪಡೆದು, 1989ರಲ್ಲಿ ಉಕ್ಕು ಪ್ರಾಧಿಕಾರದ ಕೈಸೇರಿ, ಉಳಿಯುವುದೋ ಮುಚ್ಚುವುದೋ ಎಂಬ ಚರ್ಚೆಯ ನಡುವೆ ದಿನ ನೂಕುತ್ತಿದೆ. ತಾಳಗುಪ್ಪದಿಂದ ಘಟ್ಟವನ್ನಿಳಿದು ಹೊನ್ನಾವರಕ್ಕೆ ರೈಲು ಬೇಕೆಂಬ ಹಳೆಯ ಬೇಡಿಕೆ ಈಗಲೂ ಆಗಾಗ ತಲೆಯೆತ್ತುತ್ತದೆ; ಕಾಡು ಹೋಗುತ್ತದೆಂದು ಒಂದು ಪಕ್ಷ, ಕರಾವಳಿ ಹತ್ತಿರವಾಗುತ್ತದೆಂದು ಇನ್ನೊಂದು ಪಕ್ಷ. ಎರಡು ಪಕ್ಷದವರೂ ಮನಸ್ಸಿನಲ್ಲಿಟ್ಟುಕೊಂಡು ವಾದಿಸುವುದು 1676 ಮಿಲಿಮೀಟರಿನ ಹಳಿಯನ್ನು. ಗುಡ್ಡವನ್ನು ಕಡಿಯದೆ ಬಳಸಿ ಹೋಗಬಲ್ಲ ಹಳಿಯೊಂದು ಇದೇ ಜಿಲ್ಲೆಗಳ ಅನುಭವದಲ್ಲಿ ಇದ್ದಿತೆಂಬುದನ್ನು ಆ ಚರ್ಚೆಯಲ್ಲಿ ಯಾರೊಬ್ಬರೂ ಎತ್ತಿದುದನ್ನು ನಾನು ಕೇಳಿಲ್ಲ.